ಹಿಡಿದು ಬಿಡುವ ಪ್ರೋಟೀನುಗಳು: ಮಿದುಳು ಕಟ್ಟುವಾಗ ಕೋಶಗಳು ಒಂದನ್ನೊಂದು ಗುರುತಿಸುವ ಬಗೆ

ಆಳಂದದ ಕಡೆಗೋ ಸುರಪುರದ ಕಡೆಗೋ ಒಂದು ಹಳ್ಳಿಯಲ್ಲಿ ಹೆಣ್ಣುಮಗಳೊಬ್ಬಳು ತಿಂಗಳು ತಪ್ಪಿದ್ದನ್ನು ಲೆಕ್ಕ ಹಾಕಿ, ಇನ್ನೆರಡು ವಾರ ಕಾದು ನೋಡಿ, ಆಶಾ ಕಾರ್ಯಕರ್ತೆಗೆ ತಿಳಿಸಿ, ತಾಯಿ ಕಾರ್ಡ್ ಕೈಗೆ ಬರುವ ಹೊತ್ತಿಗೆ ಎರಡು ತಿಂಗಳು ತುಂಬಿರುತ್ತದೆ. ಆಗ ಭ್ರೂಣದ ನರನಾಳ ಮುಚ್ಚಿ ವಾರಗಳೇ ಕಳೆದಿರುತ್ತವೆ. ಮುಂದೆ ಮಿದುಳು, ಬೆನ್ನುಹುರಿ ಎರಡೂ ಆಗುವುದು ಈ ನಾಳವೇ. ಗರ್ಭ ಕಟ್ಟಿದ 18-19ನೇ ದಿನದ ಸುಮಾರಿಗೆ ಅದೊಂದು ಚಪ್ಪಟೆ ಹಾಳೆ. ಹಾಳೆಯ ಎರಡೂ ಅಂಚು ಮೇಲೇಳುತ್ತವೆ, ನಡುವೆ ತಗ್ಗು ಬೀಳುತ್ತದೆ, ಅಂಚುಗಳು ಬಾಗಿ ಒಂದಕ್ಕೊಂದು ಕೂಡುತ್ತವೆ. ತಲೆಯ ಕಡೆಯ ಬಾಯಿ 25ನೇ ದಿನದ ಹೊತ್ತಿಗೆ, ಬಾಲದ ಕಡೆಯ ಬಾಯಿ 28ನೇ ದಿನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ.

ಅಂಚುಗಳು ಕೂಡಿದರಷ್ಟೇ ಸಾಲದು. ನಾಳದ ಕೋಶಗಳು ನಾಳದ ಕೋಶಗಳ ಜೊತೆ, ಮೇಲಿನ ಚರ್ಮದ ಕೋಶಗಳು ಚರ್ಮದ ಕೋಶಗಳ ಜೊತೆ ಸೇರಿಕೊಂಡು ನಾಳ ಒಳಗೆ ಇಳಿಯಬೇಕು, ಚರ್ಮ ಮೇಲೆ ಉಳಿಯಬೇಕು. ನಿನ್ನೆಯವರೆಗೆ ಒಂದೇ ಹಾಳೆಯಾಗಿದ್ದ ಕೋಶಗಳು ಇಂದು ಎರಡು ಪಂಗಡ. ಯಾವ ಕೋಶ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ತೀರ್ಮಾನಿಸುವುದು ಕೋಶದ ಹೊರಮೈಯಲ್ಲಿ ಚಾಚಿಕೊಂಡಿರುವ ಕೆಲವು ಪ್ರೋಟೀನುಗಳು. ಇವನ್ನು ಅಂಟು ಪ್ರೋಟೀನುಗಳು ಎನ್ನುವುದು ರೂಢಿ. ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಅಂಟು ಒಮ್ಮೆ ಹಚ್ಚಿದರೆ ಒಣಗಿ ಗಟ್ಟಿಯಾಗುತ್ತದೆ. ಈ ಪ್ರೋಟೀನುಗಳು ನಿಮಿಷಕ್ಕೊಮ್ಮೆ ಹಿಡಿದು ಬಿಡಬಲ್ಲವು. ನರಮಂಡಲದ ಬೆಳವಣಿಗೆಯಲ್ಲಿ ಕಾಣುವ ದೋಷಗಳನ್ನು ಒಂದೊಂದಾಗಿ ನೋಡಿದರೆ, ಹಿಡಿಯಲಾಗದೆ ಆದ ಹಾನಿ ಎಷ್ಟಿದೆಯೋ ಹೊತ್ತಿಗೆ ಸರಿಯಾಗಿ ಬಿಡದೆ ಆದ ಹಾನಿಯೂ ಅಷ್ಟೇ ಇದೆ.

ಕ್ಯಾಡ್ಹೆರಿನ್ ಮತ್ತು ಎಸರು

ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಹಾಗೆ ತಣ್ಣೀರಿನಲ್ಲಿ ಜಿಗಿ ಬರುವುದಿಲ್ಲ, ಅದರಲ್ಲಿ ಗ್ಲುಟೆನ್ ಇಲ್ಲ. ಅದಕ್ಕೇ ಕಲಬುರಗಿಯ ಅಡುಗೆಮನೆಯಲ್ಲಿ ಎಸರು ಕುದಿಸಿ ಹಿಟ್ಟಿಗೆ ಹಾಕುತ್ತಾರೆ. ಬಿಸಿಗೆ ಪಿಷ್ಟ ಉಬ್ಬಿ ಹಿಟ್ಟು ಕೂಡಿಕೊಳ್ಳುತ್ತದೆ, ರೊಟ್ಟಿ ಬಡಿಯುವಾಗ ಅಂಚು ಬಿರಿಯುವುದಿಲ್ಲ. ಹಿಟ್ಟು ಅದೇ, ಜಿಗಿ ತಂದದ್ದು ಎಸರು. ಕ್ಯಾಡ್ಹೆರಿನ್ ಎಂಬ ಪ್ರೋಟೀನಿಗೆ ಕ್ಯಾಲ್ಸಿಯಂ ಹೀಗೆಯೇ ಎಸರಿದ್ದಂತೆ.

ಕ್ಯಾಡ್ಹೆರಿನ್ ಕೋಶದ ಪೊರೆಯನ್ನು ಹಾದು ನಿಂತಿರುವ ಉದ್ದನೆಯ ಪ್ರೋಟೀನು. ಹೊರಗಿನ ಭಾಗದಲ್ಲಿ ಸುಮಾರು 110 ಅಮೈನೋ ಆಮ್ಲಗಳ ಐದು ಗೆಣ್ಣುಗಳು ಕಬ್ಬಿನ ಗೆಣ್ಣಿನಂತೆ ಒಂದರ ಮೇಲೊಂದು ಇವೆ. ಪ್ರತಿ ಎರಡು ಗೆಣ್ಣುಗಳ ಸಂದಿನಲ್ಲಿ ಮೂರು ಕ್ಯಾಲ್ಸಿಯಂ ಅಯಾನುಗಳು ಕೂರುತ್ತವೆ. ನಾಲ್ಕು ಸಂದು, ಹನ್ನೆರಡು ಕ್ಯಾಲ್ಸಿಯಂ. ಅವು ಕೂತರೆ ಇಡೀ ಕೋಲು ಬಿಗಿಯಾಗಿ ಬಾಗಿ ನಿಲ್ಲುತ್ತದೆ. ಕಿತ್ತರೆ ಜೋಲುತ್ತದೆ, ಪಕ್ಕದ ಕೋಶವನ್ನು ಮುಟ್ಟುವ ಶಕ್ತಿ ಹೋಗುತ್ತದೆ. ದೇಹದ್ರವದಲ್ಲಿ ಒಂದು ಮಿಲಿಮೋಲಾರ್‌ಗಿಂತ ತುಸು ಹೆಚ್ಚು ಸ್ವತಂತ್ರ ಕ್ಯಾಲ್ಸಿಯಂ ಇರುವುದರಿಂದ ಸಾಮಾನ್ಯವಾಗಿ ಕೊರತೆಯಾಗದು.

ತುದಿಯ ಗೆಣ್ಣಿನಲ್ಲಿ, ಎರಡನೇ ಸ್ಥಾನದಲ್ಲಿ, ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲವಿದೆ. ಅದು ಎದುರಿನ ಕೋಶದ ಕ್ಯಾಡ್ಹೆರಿನ್‌ನಲ್ಲಿರುವ ಪುಟ್ಟ ಗುಳಿಯೊಳಗೆ ಹೋಗಿ ಕೂರುತ್ತದೆ, ಎದುರಿನದರ ಟ್ರಿಪ್ಟೊಫ್ಯಾನ್ ಇದರ ಗುಳಿಗೆ ಬರುತ್ತದೆ. ಬೀದರಿನ ಬಿದರಿ ಕೆಲಸದಲ್ಲಿ ಉಳಿಯಿಂದ ಕೆತ್ತಿದ ಗೆರೆಗೆ ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರಲ್ಲ, ಅಲ್ಲೂ ಗೋಂದು ಇಲ್ಲ, ಗೆರೆಗೂ ತಂತಿಗೂ ಅಳತೆ ಕೂಡಬೇಕು ಅಷ್ಟೇ. ಆದರೆ ಕ್ಯಾಡ್ಹೆರಿನ್‌ನ ಒಂದೊಂದು ಹಿಡಿತ ಬಿದರಿಯಷ್ಟು ಗಟ್ಟಿಯಲ್ಲ, ಬಹಳ ದುರ್ಬಲ. ನೂರಾರು ಹಿಡಿತಗಳು ಒಂದೇ ಕಡೆ ಗುಂಪುಗೂಡಿದಾಗ ಬಲ ಬರುತ್ತದೆ. ಗುಂಪು ಚದುರಿದರೆ ಬಿಡುಗಡೆಯೂ ಸುಲಭ.

ಕೋಶದ ಒಳಗಿನ ಬಾಲವನ್ನು ಬೀಟಾ-ಕ್ಯಾಟೆನಿನ್ ಹಿಡಿಯುತ್ತದೆ, ಅದನ್ನು ಆಲ್ಫಾ-ಕ್ಯಾಟೆನಿನ್, ಅದನ್ನು ಆಕ್ಟಿನ್ ಎಂಬ ಎಳೆಗಳು. ಎಳೆತ ಹೆಚ್ಚಾದಾಗ ಆಲ್ಫಾ-ಕ್ಯಾಟೆನಿನ್ ಬಿಚ್ಚಿಕೊಂಡು ವಿನ್‌ಕ್ಯುಲಿನ್ ಎಂಬ ಇನ್ನೊಂದು ಪ್ರೋಟೀನನ್ನು ಕರೆದುಕೊಳ್ಳುತ್ತದೆ. ಎಳೆದಷ್ಟೂ ಬಿಗಿಯಾಗುವ ಈ ಏರ್ಪಾಡಿಲ್ಲದೆ ಹಾಳೆ ಮಡಚಿ ನಾಳವಾಗುವುದು ಸಾಧ್ಯವೇ ಇರಲಿಲ್ಲ.

ಇದನ್ನೆಲ್ಲ ತೆರೆದು ತೋರಿಸಿದ್ದು ಜಪಾನಿನ ಮಸಾತೋಶಿ ತಾಕೆಯಿಚಿ. ಕೋಶಗಳನ್ನು ಬಿಡಿಸಲು ಬಳಸುವ ಟ್ರಿಪ್ಸಿನ್ ಎಂಬ ಕಿಣ್ವ ಕ್ಯಾಲ್ಸಿಯಂ ಇದ್ದಾಗ ಒಂದು ಬಗೆಯ ಅಂಟುಗುಣವನ್ನು ಮುಟ್ಟುವುದಿಲ್ಲ, ಕ್ಯಾಲ್ಸಿಯಂ ತೆಗೆದಾಗ ಅದನ್ನೇ ತಿಂದುಹಾಕುತ್ತದೆ ಎಂದು ಅವರು 1977ರಲ್ಲಿ ತೋರಿಸಿದರು. ಕ್ಯಾಡ್ಹೆರಿನ್ ಎಂಬ ಹೆಸರು ಬಂದದ್ದು ಆಮೇಲೆ, 1980ರ ದಶಕದಲ್ಲಿ.

ಅಂಟು ಪ್ರೋಟೀನುಗಳ ಉಳಿದ ಮನೆತನಗಳ ಪರಿಚಯ ಇಲ್ಲಿ ಚುಟುಕಾಗಿ ಸಾಕು. ಎನ್‌ಕ್ಯಾಮ್ ಮತ್ತು ಎಲ್1 ಪ್ರತಿಕಾಯಗಳ ಆಕಾರವನ್ನು ಹೋಲುವ ಕುಣಿಕೆಗಳುಳ್ಳವು, ಇವಕ್ಕೆ ಕ್ಯಾಲ್ಸಿಯಂ ಬೇಡ. ಇಂಟೆಗ್ರಿನ್‌ಗಳು ಪಕ್ಕದ ಕೋಶಕ್ಕಿಂತ ಹೆಚ್ಚಾಗಿ ಕೆಳಗಿನ ಹಾಸನ್ನು, ಅಂದರೆ ಲ್ಯಾಮಿನಿನ್‌ನಂಥ ಪ್ರೋಟೀನುಗಳ ಜಾಲವನ್ನು ಹಿಡಿಯುತ್ತವೆ. ಮನುಷ್ಯರಲ್ಲಿ 18 ಆಲ್ಫಾ, 8 ಬೀಟಾ ತುಂಡುಗಳು ಸೇರಿ 24 ಬಗೆಯ ಇಂಟೆಗ್ರಿನ್ ಜೋಡಿಗಳಾಗುತ್ತವೆ.

ನಾಳ ಬೇರೆಯಾಗುವುದು

1955ರಲ್ಲಿ ಟೌನ್ಸ್ ಮತ್ತು ಹೋಲ್ಟ್‌ಫ್ರೆಟರ್ ಉಭಯಚರಗಳ ಭ್ರೂಣದ ಕೋಶಗಳನ್ನು ಕ್ಷಾರದ್ರವದಲ್ಲಿ ಬಿಡಿಬಿಡಿಯಾಗಿಸಿ ಕಲಸಿ ಬಿಟ್ಟರು. ಕೋಶಗಳು ತಾವಾಗಿಯೇ ವಿಂಗಡವಾದವು: ಚರ್ಮವಾಗಬೇಕಾದವು ಹೊರಗೆ, ನರ ಅಂಗಾಂಶದವು ಒಳಗೆ. ಯಾವುದು ಹೆಚ್ಚು ಬಿಗಿಯಾಗಿ ತನ್ನವರನ್ನು ಹಿಡಿಯುತ್ತದೋ ಅದು ಒಳಗೆ ಸೇರುತ್ತದೆ, ಸಡಿಲವಾದದ್ದು ಹೊರಗೆ ಸುತ್ತುತ್ತದೆ ಎಂದು ಮಾಲ್ಕಮ್ ಸ್ಟೈನ್‌ಬರ್ಗ್ 1960ರ ದಶಕದಲ್ಲಿ ವಿವರಿಸಿದರು. ಎಣ್ಣೆ ನೀರು ಬೇರೆಯಾಗುವಾಗ ನಡೆಯುವ ಲೆಕ್ಕವೇ ಇದು.

ಭ್ರೂಣದಲ್ಲಿ ಇದಕ್ಕೊಂದು ಅದಲುಬದಲು ಇದೆ. ಚಪ್ಪಟೆ ಹಾಳೆಯ ಕೋಶಗಳೆಲ್ಲ ಮೊದಲು ಇ-ಕ್ಯಾಡ್ಹೆರಿನ್ ಎಂಬ ಬಗೆಯನ್ನು ಹೊತ್ತಿರುತ್ತವೆ. ನರಹಾಳೆ ಮಡಚತೊಡಗಿದಾಗ ಆ ಭಾಗ ಇ-ಕ್ಯಾಡ್ಹೆರಿನ್ ಇಳಿಸಿ ಎನ್-ಕ್ಯಾಡ್ಹೆರಿನ್ ಎಂಬ ಇನ್ನೊಂದು ಬಗೆಯನ್ನು ಏರಿಸುತ್ತದೆ. ಚರ್ಮದ ಭಾಗ ಹಳೆಯದನ್ನೇ ಇಟ್ಟುಕೊಳ್ಳುತ್ತದೆ. ಎರಡು ಪಂಗಡಗಳ ನಡುವಿನ ಹಿಡಿತ ಸಡಿಲವಾಗಿ ನಾಳ ಕಳಚಿ ಒಳಗಿಳಿಯುತ್ತದೆ. ಕಪ್ಪೆಯ ಭ್ರೂಣದ ಚರ್ಮಕ್ಕೂ ಎನ್-ಕ್ಯಾಡ್ಹೆರಿನ್ ಬರುವಂತೆ ಮಾಡಿದ 1990ರ ಪ್ರಯೋಗಗಳಲ್ಲಿ ನಾಳ ಸರಿಯಾಗಿ ಬೇರೆಯಾಗಲಿಲ್ಲ. ಹಿಡಿತಕ್ಕೇನೂ ಕೊರತೆ ಇರಲಿಲ್ಲ, ಬೇಡದ ಕಡೆ ಹಿಡಿತ ಇತ್ತು.

ಇಲ್ಲೊಂದು ಗೊಂದಲ ಬಿಡಿಸಬೇಕು. ನರನಾಳದ ದೋಷ ತಡೆಯುವ ಫೋಲಿಕ್ ಆಮ್ಲ ಅಂಟು ಪ್ರೋಟೀನು ಅಲ್ಲ, ಅದರ ಭಾಗವೂ ಅಲ್ಲ. ಕೋಶಗಳು ವೇಗವಾಗಿ ಇಬ್ಭಾಗವಾಗಲು ಡಿಎನ್‌ಎ ಕಟ್ಟಬೇಕು, ಅದಕ್ಕೆ ಫೋಲೇಟ್ ಬೇಕು. ಕೋಶಗಳ ಸಂಖ್ಯೆಯೇ ಕಡಿಮೆಯಾದರೆ ಅಂಚುಗಳು ಒಂದನ್ನೊಂದು ಮುಟ್ಟುವುದಿಲ್ಲ, ಮುಟ್ಟದೆ ಹಿಡಿತದ ಪ್ರಶ್ನೆ ಬರುವುದಿಲ್ಲ. ಮೊದಲು ನರನಾಳದ ದೋಷವುಳ್ಳ ಮಗು ಹುಟ್ಟಿದ್ದ ತಾಯಂದಿರಿಗೆ ದಿನಕ್ಕೆ 4 ಮಿಲಿಗ್ರಾಂ ಕೊಟ್ಟಾಗ ಮರುಕಳಿಸುವುದು ಶೇ 72ರಷ್ಟು ತಗ್ಗಿತು ಎಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯೋಗ 1991ರಲ್ಲಿ ತೋರಿಸಿತು. ಉಳಿದ ಹೆಚ್ಚಿನವರಿಗೆ ದಿನಕ್ಕೆ 400 ಮೈಕ್ರೊಗ್ರಾಂ ಸಾಕು. ಆದರೆ ಗರ್ಭ ಕಟ್ಟುವ ಮುಂಚೆ ಒಂದು ತಿಂಗಳಾದರೂ ಶುರುವಾಗಿರಬೇಕು. ನಾಲ್ಕನೇ ತಿಂಗಳಿನಿಂದ ಕೊಡುವ ಕಬ್ಬಿಣದ ಗುಳಿಗೆಯಲ್ಲಿ 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇದೆ ನಿಜ. ಅದು ರಕ್ತಹೀನತೆಗೆ, ನಾಳ ಮುಚ್ಚುವುದಕ್ಕೆ ತಡವಾಯಿತು. ಮದುವೆಯಾಗಿ ಮಗು ಬಯಸುವವರಿಗೆ ಫೋಲಿಕ್ ಆಮ್ಲದ ಗುಳಿಗೆಯನ್ನು ಮೊದಲೇ ಬರೆದುಕೊಡುವ ಅಭ್ಯಾಸ ನಮ್ಮ ಕಡೆ ಬಲವಾಗಬೇಕು.

ಬಿಟ್ಟು ಹೊರಡುವವರು

ನಾಳದ ಬೆನ್ನ ಮೇಲಿನ ಕೆಲವು ಕೋಶಗಳು ಗುಂಪು ಬಿಟ್ಟು ದೇಹದ ತುಂಬ ಹರಡುತ್ತವೆ. ನರಶಿಖರ ಕೋಶಗಳು ಎನ್ನುವ ಇವೇ ಮುಂದೆ ಬೆನ್ನುಹುರಿಯ ಪಕ್ಕದ ನರಗಂಟುಗಳು, ಕರುಳಿನ ನರಗಳು, ಚರ್ಮದ ಬಣ್ಣದ ಕೋಶಗಳಾಗುತ್ತವೆ. ಹೊರಡುವ ಮುನ್ನ ಸ್ನೇಲ್2 ಎಂಬ ನಿಯಂತ್ರಕ ಪ್ರೋಟೀನು ಕ್ಯಾಡ್ಹೆರಿನ್-6ಬಿ ತಯಾರಿಕೆಯನ್ನು ನಿಲ್ಲಿಸುತ್ತದೆ, ಮೈಮೇಲೆ ಉಳಿದದ್ದನ್ನು ಕತ್ತರಿ ಕಿಣ್ವಗಳು ಕತ್ತರಿಸುತ್ತವೆ. ಕೋಳಿಮರಿಯ ಭ್ರೂಣದಲ್ಲಿ ಈ ಕ್ಯಾಡ್ಹೆರಿನ್ ಅನ್ನು ಇಳಿಸದೆ ಇಟ್ಟರೆ ಕೋಶಗಳು ಹೊರಡುವುದು ತಗ್ಗುತ್ತದೆ.

ಕರುಳಿಗೆ ಹೋಗುವವು ಅನ್ನನಾಳದಿಂದ ಗುದದವರೆಗೆ ಒಂದರ ಬೆನ್ನಿಗೊಂದು ಸಾಲು ಹಿಡಿದು ನಡೆಯುತ್ತವೆ. ಸಾಲು ಕಡಿಯದಂತೆ ಎಲ್1 ನೆರವಾಗುತ್ತದೆ. ಕೊನೆಯ ಭಾಗ ತಲುಪದಿದ್ದರೆ ಆ ತುಂಡು ಕರುಳು ಹಿಂಡುವುದಿಲ್ಲ, ಹಿರ್ಷ್‌ಸ್ಪ್ರಂಗ್ ಕಾಯಿಲೆ ಎನ್ನುವುದು ಇದಕ್ಕೇ. ಅದರ ಮುಖ್ಯ ಜೀನ್ ಆರ್‌ಇಟಿ, ಅಂಟು ಪ್ರೋಟೀನುಗಳ ಪಾತ್ರ ಪಕ್ಕದ್ದು. ಹೆರಿಗೆ ಕೋಣೆಯಲ್ಲಿ ಇರುವವರಿಗೆ ಗುರುತು ಒಂದೇ: ತಿಂಗಳು ತುಂಬಿ ಹುಟ್ಟಿದ ಕೂಸು 48 ಗಂಟೆಯಾದರೂ ಕಪ್ಪು ಮಲ ಹೋಗದೆ ಹೊಟ್ಟೆ ಉಬ್ಬರಿಸಿದರೆ ಮನೆಗೆ ಕಳಿಸಬಾರದು.

ಮಿದುಳಿನೊಳಗಿನ ಪಯಣ ಬೇರೆ ಬಗೆಯದು. ನರಕೋಶಗಳು ಒಳಗೋಡೆಯ ಬಳಿ ಹುಟ್ಟಿ, ಗೋಡೆಯಿಂದ ಹೊರಮೈವರೆಗೆ ಚಾಚಿದ ರೇಡಿಯಲ್ ಗ್ಲಿಯಾ ಎಂಬ ಕೋಶಗಳ ಎಳೆಗಳನ್ನು ಹಿಡಿದು ಹತ್ತುತ್ತವೆ. ಮಳೆ ಬಿದ್ದ ಮರುದಿನ ಎರೆ ಹೊಲದಲ್ಲಿ ನಡೆದವರಿಗೆ ಇದರ ತೊಡಕು ಗೊತ್ತು: ಪ್ರತಿ ಹೆಜ್ಜೆಗೂ ಕಾಲಿಗೆ ಸೇರುಗಟ್ಟಲೆ ಮಣ್ಣು, ಮುಂದೆ ಸಾಗುವುದಿಲ್ಲ. ತೀರ ನುಣುಪಾದ ಶಹಾಬಾದ್ ಕಲ್ಲಿನ ಮೇಲೆ ನೀರು ಬಿದ್ದರೂ ಸಾಗುವುದಿಲ್ಲ, ಜಾರುತ್ತದೆ. ಕೋಶಕ್ಕೂ ನಡುವಿನ ಹದ ಬೇಕು. ಅದಕ್ಕಾಗಿ ನರಕೋಶ ಎನ್-ಕ್ಯಾಡ್ಹೆರಿನ್ ಅನ್ನು ಪೊರೆಯಿಂದ ಒಳಕ್ಕೆ ಎಳೆದುಕೊಂಡು ಮತ್ತೆ ಹೊರಮೈಗೆ ಕಳಿಸುತ್ತಲೇ ಇರುತ್ತದೆ. ಈ ಸಾಗಣೆಗೆ ರ್‍ಯಾಬ್5, ರ್‍ಯಾಬ್11 ಎಂಬ ಪ್ರೋಟೀನುಗಳು ಬೇಕು. ಇಲಿಯ ಮಿದುಳಿನಲ್ಲಿ ಅವನ್ನು ತಡೆದಾಗ ನರಕೋಶಗಳು ದಾರಿಯಲ್ಲೇ ಸಿಕ್ಕಿಕೊಂಡವು.

ಎಲ್ಲಿ ನಿಲ್ಲಬೇಕು ಎಂಬುದೂ ಹಿಡಿತದ್ದೇ ಪ್ರಶ್ನೆ. ಮಿದುಳಿನ ಹೊರಮೈಯಲ್ಲಿ ಲ್ಯಾಮಿನಿನ್ ಹಾಸು ಇದೆ, ಗ್ಲಿಯಾ ಕೋಶಗಳು ಡಿಸ್ಟ್ರೋಗ್ಲೈಕಾನ್ ಎಂಬ ಪ್ರೋಟೀನಿನ ಮೂಲಕ ಅದಕ್ಕೆ ಊರಿಕೊಂಡಿರುತ್ತವೆ. ಡಿಸ್ಟ್ರೋಗ್ಲೈಕಾನ್ ಮೇಲೆ ಸಕ್ಕರೆ ಸರಪಳಿ ಸರಿಯಾಗಿ ಜೋಡಣೆಯಾಗದಿದ್ದರೆ ಅದು ಲ್ಯಾಮಿನಿನ್ ಹಿಡಿಯುವುದಿಲ್ಲ. ಆಗ ಹಾಸು ಹರಿದು ನರಕೋಶಗಳು ಮಿದುಳಿನ ಹೊರಗೆ ಚೆಲ್ಲುತ್ತವೆ, ಹೊರಮೈ ಗುಂಡುಕಲ್ಲು ಹಾಸಿದಂತೆ ಗಂಟುಗಂಟಾಗುತ್ತದೆ. ಸ್ನಾಯುಗಳಿಗೂ ಇದೇ ಹಿಡಿತ ಬೇಕಾದ್ದರಿಂದ ಇಂಥ ಮಕ್ಕಳಲ್ಲಿ ಮಿದುಳು, ಕಣ್ಣು, ಸ್ನಾಯು ಮೂರರ ತೊಂದರೆಯೂ ಒಟ್ಟಿಗೆ ಕಾಣುತ್ತದೆ.

ತಂತಿ ಎಳೆಯುವುದು

ನೆಲೆ ನಿಂತ ನರಕೋಶ ಆಕ್ಸಾನ್ ಎಂಬ ಉದ್ದನೆಯ ತಂತು ಬೆಳೆಸುತ್ತದೆ. ಹಳೆಯ ಆಕ್ಸಾನ್‌ಗಳ ಮೈ ಹಿಡಿದು ಹೊಸವು ಸಾಗುತ್ತವೆ, ಹೀಗೆ ಕಟ್ಟು ಕಟ್ಟುತ್ತದೆ. ಗುರಿ ಹತ್ತಿರ ಬಂದಾಗ ಕಟ್ಟು ಬಿಚ್ಚಿ ಒಂದೊಂದು ಎಳೆಯೂ ತನ್ನ ಸ್ನಾಯುವಿಗೆ ಕವಲೊಡೆಯಬೇಕು. ಜೆರಾಲ್ಡ್ ಎಡೆಲ್ಮನ್ ತಂಡ 1970ರ ದಶಕದಲ್ಲಿ ಕೋಳಿಮರಿಯ ಭ್ರೂಣದಿಂದ ಬೇರ್ಪಡಿಸಿದ ಎನ್‌ಕ್ಯಾಮ್ ಈ ಕೆಲಸದಲ್ಲಿ ನಿಪುಣ. ಅದರ ಮೇಲೆ ಪಾಲಿಸಿಯಾಲಿಕ್ ಆಮ್ಲ ಎಂಬ ಸಕ್ಕರೆಯ ಉದ್ದ ಬಾಲ ಬೆಳೆಯುತ್ತದೆ. ಬಾಲ ಋಣಾವೇಶವುಳ್ಳದ್ದು, ನೀರು ಹೀರಿ ಉಬ್ಬಿಕೊಂಡು ಎರಡು ಕೋಶಗಳನ್ನು ದೂರ ತಳ್ಳುತ್ತದೆ. ಭ್ರೂಣದ ಎನ್‌ಕ್ಯಾಮ್‌ನ ತೂಕದಲ್ಲಿ ಸುಮಾರು ಶೇ 30 ಈ ಸಕ್ಕರೆ. ಬೆಳೆದ ಮಿದುಳಿನಲ್ಲಿ ಅದು ಶೇ 10ರ ಆಸುಪಾಸಿಗೆ ಇಳಿಯುತ್ತದೆ. ಬಾಲ ಉದ್ದವಿದ್ದಾಗ ಚಲನೆ, ಮೊಟಕಾದಾಗ ನೆಲೆ. ಕೋಳಿಮರಿಯ ಕಾಲಿನ ನರ ಕವಲೊಡೆಯುವ ಹೊತ್ತಿನಲ್ಲಿ ಕಿಣ್ವದಿಂದ ಈ ಬಾಲ ಕತ್ತರಿಸಿದರೆ ಆಕ್ಸಾನ್‌ಗಳು ಕಟ್ಟಿನಲ್ಲೇ ಉಳಿದು ತಪ್ಪು ಸ್ನಾಯುವಿಗೆ ಹೋಗುತ್ತವೆ.

ಎಲ್1 ಜೀನ್ ಎಕ್ಸ್ ವರ್ಣತಂತುವಿನ ತುದಿಯಲ್ಲಿದೆ. ಕೆಟ್ಟರೆ ಪೆಟ್ಟು ಬೀಳುವುದು ಮುಖ್ಯವಾಗಿ ಗಂಡುಮಕ್ಕಳಿಗೆ: ತಲೆಯಲ್ಲಿ ನೀರು ತುಂಬುವುದು, ಬೆನ್ನುಹುರಿಗೆ ಇಳಿಯುವ ಮುಖ್ಯ ಕಟ್ಟು ಮತ್ತು ಮಿದುಳಿನ ಎರಡು ಭಾಗಗಳನ್ನು ಕೂಡಿಸುವ ಕಟ್ಟು ಸಣಕಲಾಗುವುದು, ಕಾಲು ಸೆಟೆಯುವುದು, ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಂಡಿರುವುದು. ತಲೆ ದೊಡ್ಡದಾದ ಗಂಡುಕೂಸಿನ ಹೆಬ್ಬೆರಳನ್ನು ಬಿಡಿಸಿ ನೋಡುವುದಕ್ಕೆ ಅರ್ಧ ನಿಮಿಷ ಸಾಕು. ಜೊತೆಗೆ ತಾಯಿಯ ತವರಿನಲ್ಲಿ, ಅವಳ ಅಣ್ಣತಮ್ಮಂದಿರಲ್ಲಿ ಹೀಗೆ ಹೋದ ಮಕ್ಕಳಿದ್ದರೇ ಎಂದು ಕೇಳಬೇಕು. ತಾಯಿ ವಾಹಕಿಯಾಗಿದ್ದರೆ ಪ್ರತಿ ಗಂಡುಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ತಲೆಯ ನೀರನ್ನು ಹೊರಹರಿಸುವ ಶಂಟ್ ನಳಿಕೆ ಹಾಕಿದರೆ ಒತ್ತಡ ಇಳಿಯುತ್ತದೆ, ಆದರೆ ಕಟ್ಟದೇ ಹೋದ ಆಕ್ಸಾನ್ ದಾರಿ ಅದರಿಂದ ಬರುವುದಿಲ್ಲ. ಇದನ್ನು ಮನೆಯವರಿಗೆ ಮೊದಲೇ ತಿಳಿಸುವುದು ಒಳ್ಳೆಯದು.

ಎಲ್1ರ ಹಿಡಿತವನ್ನು ಮದ್ಯ ಸಡಿಲಿಸುತ್ತದೆ ಎಂಬುದು ಕೋಶ ಸಾಕಣೆಯ ಪ್ರಯೋಗಗಳಲ್ಲಿ ಕಂಡ ಸಂಗತಿ, ಅದೂ ಒಂದೆರಡು ಪೆಗ್ ಕುಡಿದವರ ರಕ್ತದಲ್ಲಿರುವಷ್ಟು ಸಣ್ಣ ಪ್ರಮಾಣದಲ್ಲಿ. ಬಸಿರಿನಲ್ಲಿ ಕುಡಿತದಿಂದ ಮಗುವಿನ ಮಿದುಳಿಗೆ ಆಗುವ ಹಾನಿಗೆ ಹಲವು ಕಾರಣಗಳಲ್ಲಿ ಇದೂ ಒಂದಿರಬಹುದು. ಸೇಂದಿಯಲ್ಲಿರುವುದೂ ಅದೇ ಎಥೆನಾಲ್.

ತನ್ನ ಗುರುತು, ಪರರ ಗುರುತು

ಒಂದೇ ನರಕೋಶದ ಕೊಂಬೆಗಳು ಒಂದರ ಮೇಲೊಂದು ಬೀಳದೆ ಹರಡಿಕೊಳ್ಳಬೇಕಾದರೆ, ಇದು ನನ್ನದೇ ಕೊಂಬೆ ಎಂದು ಕೋಶಕ್ಕೆ ಗೊತ್ತಾಗಬೇಕು. ಹಣ್ಣುನೊಣದಲ್ಲಿ ಈ ಕೆಲಸ ಡಿಸ್ಕ್ಯಾಮ್1 ಎಂಬ ಒಂದೇ ಜೀನಿನದು. ಅದರಲ್ಲಿ ಬದಲಿಸಬಹುದಾದ ತುಂಡುಗಳ ನಾಲ್ಕು ಗುಂಪುಗಳಿವೆ: 12, 48, 33, 2. ಗುಣಿಸಿದರೆ 38,016 ಬಗೆಯ ಪ್ರೋಟೀನು. ಪ್ರತಿ ನರಕೋಶವೂ ಇದರಲ್ಲಿ ಕೆಲವನ್ನೇ ಆಯ್ದು ಹೊರಮೈಗೆ ಹಾಕುತ್ತದೆ. ಎರಡು ಕೊಂಬೆ ತಗುಲಿದಾಗ ಪ್ರೋಟೀನುಗಳು ತದ್ರೂಪವಾಗಿದ್ದರೆ ಮಾತ್ರ ಹಿಡಿದುಕೊಳ್ಳುತ್ತವೆ. ಹಾಗೆ ಹಿಡಿದ ಸಂಕೇತ ಒಳಗೆ ಹೋದ ಕೂಡಲೇ ಕೊಂಬೆಗಳು ಹಿಂದೆ ಸರಿಯುತ್ತವೆ. ಅಂಟು ಪ್ರೋಟೀನು ಹಿಡಿದದ್ದೇ ದೂರ ಸರಿಸಲು! ಮನುಷ್ಯರಲ್ಲಿ ಡಿಸ್ಕ್ಯಾಮ್‌ಗೆ ಈ ವೈವಿಧ್ಯವಿಲ್ಲ. ನಮ್ಮಲ್ಲಿ ಐದನೇ ವರ್ಣತಂತುವಿನ ಮೇಲೆ ಸಾಲಾಗಿ ಕೂತಿರುವ 53 ಪ್ರೋಟೋಕ್ಯಾಡ್ಹೆರಿನ್‌ಗಳು ಬೇರೆಬೇರೆ ಜೋಡಣೆಯಲ್ಲಿ ಆ ಕೆಲಸ ಮಾಡುತ್ತವೆ.

ಆ ಸಾಲಿನ ಹೊರಗೆ, ಎಕ್ಸ್ ವರ್ಣತಂತುವಿನಲ್ಲಿ, ಪಿಸಿಡಿಎಚ್19 ಎಂಬ ಇನ್ನೊಂದು ಪ್ರೋಟೋಕ್ಯಾಡ್ಹೆರಿನ್ ಇದೆ. ಅದರ ದೋಷ ವೈದ್ಯರನ್ನು ಬಹುಕಾಲ ದಿಕ್ಕೆಡಿಸಿತ್ತು. ಎಕ್ಸ್ ವರ್ಣತಂತುವಿನ ಕಾಯಿಲೆ ಎಂದರೆ ಗಂಡಿಗೆ ಬರಬೇಕು, ಹೆಣ್ಣು ವಾಹಕಿಯಾಗಿ ಆರೋಗ್ಯವಾಗಿರಬೇಕು. ಇಲ್ಲಿ ತಿರುವುಮುರುವು: ದೋಷವುಳ್ಳ ಗಂಡಸರಿಗೆ ಮೂರ್ಛೆ ಇಲ್ಲ, ಹೆಣ್ಣುಮಕ್ಕಳಿಗೆ ಇದೆ. 2008ರಲ್ಲಿ ಜೀನ್ ಸಿಕ್ಕಿತು. ಕಾರಣ ಮೇಲೆ ಹೇಳಿದ ವಿಂಗಡಣೆಯ ನಿಯಮವೇ. ಹೆಣ್ಣಿನ ಪ್ರತಿ ಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದು ಮುಚ್ಚಿರುತ್ತದೆ, ಯಾವುದು ಎಂಬುದು ಅದೃಷ್ಟ. ಹೀಗಾಗಿ ಅವಳ ಮಿದುಳಿನಲ್ಲಿ ಕೆಲವು ಕೋಶಗಳಿಗೆ ಪಿಸಿಡಿಎಚ್19 ಇದೆ, ಕೆಲವಕ್ಕೆ ಇಲ್ಲ. ಇದ್ದವು ಇದ್ದವರ ಜೊತೆ, ಇಲ್ಲದವು ಇಲ್ಲದವರ ಜೊತೆ ಗುಂಪುಗೂಡುತ್ತವೆ, ಮಿದುಳಿನ ಹೊರಪದರದಲ್ಲಿ ಪಟ್ಟೆಪಟ್ಟೆಯಾಗುತ್ತದೆ. ಇಲಿಗಳಲ್ಲಿ ಈ ಪಟ್ಟೆಗಳನ್ನು ಕಣ್ಣಾರೆ ಕಂಡಿದ್ದಾರೆ. ಗಂಡಿನಲ್ಲಿ ಒಂದೇ ಎಕ್ಸ್, ಎಲ್ಲ ಕೋಶಗಳಲ್ಲೂ ಈ ಪ್ರೋಟೀನು ಇಲ್ಲ, ಎಲ್ಲವೂ ಸಮ. ಉಳಿದ ಕ್ಯಾಡ್ಹೆರಿನ್‌ಗಳು ಕೆಲಸ ನಿಭಾಯಿಸುತ್ತವೆ. ಪ್ರೋಟೀನು ಪೂರ್ತಿ ಇಲ್ಲದಿರುವುದಕ್ಕಿಂತ ಅರ್ಧಂಬರ್ಧ ಇರುವುದು ಕೆಟ್ಟದ್ದು ಎಂಬ ಈ ಸಂಗತಿ ಇಡೀ ವಿಷಯದಲ್ಲಿ ಅತ್ಯಂತ ಬೆಳಕು ಚೆಲ್ಲುವಂಥದ್ದು.

ಚಿಕಿತ್ಸೆ ಮಾಡುವವರಿಗೆ ಇದರ ಬಳಕೆ ನೇರ. ಸಾಮಾನ್ಯವಾಗಿ ಮೂರು ವರ್ಷದೊಳಗೆ, ಹೆಚ್ಚಾಗಿ ಮೊದಲ ವರ್ಷದ ಆಸುಪಾಸಿನಲ್ಲಿ, ಜ್ವರ ಬಂದಾಗ ಹೆಣ್ಣುಕೂಸಿಗೆ ದಿನಕ್ಕೆ ಹಲವು ಬಾರಿ, ಗೊಂಚಲಾಗಿ ಫಿಟ್ಸ್ ಬರುತ್ತಿದ್ದರೆ ಅದನ್ನು ಬರೀ ಜ್ವರದ ಫಿಟ್ಸ್ ಎಂದು ಬಿಡಬಾರದು. ಮನೆತನ ವಿಚಾರಿಸುವಾಗ ತಂದೆಯ ಕಡೆಯ ಹೆಣ್ಣುಮಕ್ಕಳನ್ನು, ಅಂದರೆ ಅಕ್ಕತಂಗಿಯರು, ಸೋದರತ್ತೆಯರು, ಅಜ್ಜಿಯನ್ನು ಬಿಡದೆ ಕೇಳಬೇಕು. ಆರೋಗ್ಯವಾಗಿರುವ ತಂದೆಯೇ ಅದನ್ನು ಎಲ್ಲ ಹೆಣ್ಣುಮಕ್ಕಳಿಗೂ ದಾಟಿಸಬಲ್ಲ.

ಕ್ಯಾಡ್ಹೆರಿನ್-23 ಮತ್ತು ಪ್ರೋಟೋಕ್ಯಾಡ್ಹೆರಿನ್-15 ಕಿವಿಯೊಳಗಿವೆ. ಶ್ರವಣಕೋಶದ ರೋಮಗಳ ತುದಿಯನ್ನು ಎಳೆದು ಕಟ್ಟುವ ದಾರದ ಮೇಲರ್ಧ ಮೊದಲನೆಯದು, ಕೆಳಗಿನರ್ಧ ಎರಡನೆಯದು. ಶಬ್ದಕ್ಕೆ ರೋಮ ಬಾಗಿದಾಗ ಈ ದಾರ ಎಳೆದು ಅಯಾನುಗಳ ಬಾಗಿಲು ತೆರೆಯುತ್ತದೆ. ಎರಡರಲ್ಲಿ ಯಾವುದೇ ಜೀನಿನ ಎರಡೂ ಪ್ರತಿ ಕೆಟ್ಟರೆ ಮಗು ಕಿವುಡಾಗಿ ಹುಟ್ಟಬಹುದು. ಕೆಲವು ದೋಷಗಳಲ್ಲಿ ನಡಿಗೆ ಒಂದೂವರೆ ವರ್ಷಕ್ಕಿಂತ ತಡವಾಗುತ್ತದೆ, ಮುಂದೆ ಇರುಳುಗಣ್ಣು ಕಾಣಿಸಿಕೊಳ್ಳುತ್ತದೆ. ಅಷರ್ ಸಿಂಡ್ರೋಮ್ ಎನ್ನುವುದು ಇದನ್ನೇ. ಸೋದರಮಾವನಿಗೆ ಕೊಟ್ಟ ಹೆಣ್ಣಿನ ಮಗುವಿನಲ್ಲಿ ಸರಾಸರಿ ಎಂಟರಲ್ಲಿ ಒಂದು ಜೀನಿನ ಎರಡೂ ಪ್ರತಿ ಒಬ್ಬರೇ ಪೂರ್ವಿಕರಿಂದ ಬಂದಿರುತ್ತವೆ. ಅತ್ತೆಯ ಮಗ, ಮಾವನ ಮಗಳ ಮದುವೆಯಲ್ಲಿ ಹದಿನಾರರಲ್ಲಿ ಒಂದು. ಸೋದರಿಕೆಯಲ್ಲಿ ಮದುವೆ ರೂಢಿಯಿರುವ ನಮ್ಮ ಕಡೆ ಕೂಸು ಹುಟ್ಟಿದ ಮೊದಲ ತಿಂಗಳಲ್ಲೇ ಶ್ರವಣ ಪರೀಕ್ಷೆ ಮಾಡಿಸುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಸಿನಾಪ್ಸ್, ಮಯಲಿನ್, ಮತ್ತು ಕುಷ್ಠದ ಸೂಕ್ಷ್ಮಾಣು

ಒಂದು ನರಕೋಶ ಇನ್ನೊಂದಕ್ಕೆ ಸಂಕೇತ ದಾಟಿಸುವ ಕೂಡುಜಾಗ ಸಿನಾಪ್ಸ್, ಅಲ್ಲಿ ಎರಡರ ನಡುವಿನ ಸಂದಿ ಸುಮಾರು 20 ನ್ಯಾನೊಮೀಟರ್. ಆ ಸಂದಿಯ ಈಚೆ, ಸಂಕೇತ ಕಳಿಸುವ ಕಡೆ, ನ್ಯೂರೆಕ್ಸಿನ್ ಎಂಬ ಅಂಟು ಪ್ರೋಟೀನು, ಆಚೆ ನ್ಯೂರೋಲಿಗಿನ್ ಎಂಬುದು. ನರಕೋಶವೇ ಅಲ್ಲದ ಕೋಶಕ್ಕೆ ನ್ಯೂರೋಲಿಗಿನ್ ಹಾಕಿ ಆಕ್ಸಾನ್ ಪಕ್ಕ ಇಟ್ಟರೆ, ಆಕ್ಸಾನ್ ಅಲ್ಲಿ ಸಿನಾಪ್ಸ್‌ನ ಅರ್ಧ ಭಾಗ ಕಟ್ಟಿಬಿಡುತ್ತದೆ ಎಂದು 2000ದಲ್ಲಿ ತೋರಿಸಲಾಯಿತು. ನ್ಯೂರೋಲಿಗಿನ್-1 ಉತ್ತೇಜಿಸುವ ಸಿನಾಪ್ಸ್‌ಗಳಲ್ಲಿ, ನ್ಯೂರೋಲಿಗಿನ್-2 ತಡೆಯುವ ಸಿನಾಪ್ಸ್‌ಗಳಲ್ಲಿ ಇರುತ್ತದೆ. ಎರಡರ ತೂಕ ತಪ್ಪಿದರೆ ಜಾಲದ ನಡತೆ ಕೆಡುತ್ತದೆ. 2003ರಲ್ಲಿ ಆಟಿಸಂ ಇದ್ದ ಕೆಲವು ಕುಟುಂಬಗಳಲ್ಲಿ ನ್ಯೂರೋಲಿಗಿನ್-3, 4ರ ದೋಷ ಕಂಡಿತು. ಇದನ್ನು ಓದಿ ಆಟಿಸಂಗೆ ಒಂದೇ ಜೀನ್ ಕಾರಣ ಎಂದು ತಿಳಿಯಬಾರದು. ಇಂಥ ಕುಟುಂಬಗಳು ಬಹಳ ಕಡಿಮೆ.

ಬೆನ್ನುಹುರಿಯ ಹೊರಗಿನ ನರಗಳಿಗೆ ಶ್ವಾನ್ ಕೋಶಗಳು ಮಯಲಿನ್ ಹೊದಿಕೆ ಸುತ್ತುತ್ತವೆ. ಹೊದಿಕೆಯ ಪದರಗಳನ್ನು ಒತ್ತಾಗಿ ಹಿಡಿದಿಡುವುದು ಪಿ-ಸೊನ್ನೆ ಎಂಬ ಅಂಟು ಪ್ರೋಟೀನು. ಆ ಮಯಲಿನ್‌ನ ಪ್ರೋಟೀನಿನಲ್ಲಿ ಅರ್ಧದಷ್ಟು ಇದೊಂದೇ. ಶ್ವಾನ್ ಕೋಶದ ಹೊರಮೈ ಡಿಸ್ಟ್ರೋಗ್ಲೈಕಾನ್ ಮೂಲಕ ಲ್ಯಾಮಿನಿನ್ ಹಾಸಿಗೆ ಊರಿಕೊಂಡಿರುತ್ತದೆ. ಕುಷ್ಠದ ಸೂಕ್ಷ್ಮಾಣು ನರಕ್ಕೇ ಏಕೆ ಹೋಗುತ್ತದೆ ಎಂಬ ಹಳೆಯ ಪ್ರಶ್ನೆಗೆ 1990ರ ದಶಕದ ಕೊನೆಯಲ್ಲಿ ಸಿಕ್ಕ ಉತ್ತರ ಇಲ್ಲಿದೆ: ಅದು ಶ್ವಾನ್ ಕೋಶದ ಲ್ಯಾಮಿನಿನ್-2ನ್ನು ಹಿಡಿದು, ಡಿಸ್ಟ್ರೋಗ್ಲೈಕಾನ್ ಮೇಲೆ ಸವಾರಿಯಾಗಿ ಒಳಗೆ ಸೇರುತ್ತದೆ. ಭ್ರೂಣದಲ್ಲಿ ನರ ಕಟ್ಟಿದ ಹಿಡಿಕೆಯೇ ಅದಕ್ಕೆ ಬಾಗಿಲು. ಸ್ಪರ್ಶ ತಿಳಿಯದ ಮಚ್ಚೆ ಕಂಡವರು ತಡಮಾಡದೆ ತೋರಿಸಬೇಕು. ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಸತ್ತ ನರ ಮಾತ್ರ ಔಷಧಿಯಿಂದ ಬರುವುದಿಲ್ಲ.

ಕೈಯಾರೆ ನೋಡಬೇಕೆನ್ನುವವರಿಗೆ

ಕಲಬುರಗಿ, ಬೀದರ್, ಯಾದಗಿರಿಯ ಕಾಲೇಜುಗಳಲ್ಲಿ ಜೀವಶಾಸ್ತ್ರ ಓದುವವರು ತಾಕೆಯಿಚಿ ಪ್ರಯೋಗವನ್ನು ಸಣ್ಣ ಪ್ರಮಾಣದಲ್ಲಿ ಮಾಡಬಹುದು, ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಪಡೆದು. ಅಂಗಡಿಯ ಫಾರಂ ಮೊಟ್ಟೆ ಆಗುವುದಿಲ್ಲ, ಅದರಲ್ಲಿ ಭ್ರೂಣವಿಲ್ಲ. ಹುಂಜ ಇರುವ ಜವಾರಿ ಕೋಳಿಯ ಮೊಟ್ಟೆ ಅಥವಾ ಹ್ಯಾಚರಿಯ ಮೊಟ್ಟೆ ಬೇಕು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಲ್ಲಿ ಬೈಕಿನ ಮೇಲೆ ತಂದರೆ ಇನ್‌ಕ್ಯುಬೇಟರ್‌ಗೆ ಇಡುವ ಮೊದಲೇ ಬೆಳವಣಿಗೆ ಅಡ್ಡಾದಿಡ್ಡಿ ಶುರುವಾಗುತ್ತದೆ. ಎಲ್ಲ ಮೊಟ್ಟೆಗೂ ಒಂದೇ ವಯಸ್ಸು ಎಂದು ನಂಬಿದ ಲೆಕ್ಕ ತಪ್ಪುತ್ತದೆ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ತಂದು 15-16 ಡಿಗ್ರಿಯಲ್ಲಿಟ್ಟು ವಾರದೊಳಗೆ ಬಳಸಿ. ಆಮೇಲೆ 37.5ರಿಂದ 38 ಡಿಗ್ರಿ.

ಏಳನೇ ದಿನದ ಭ್ರೂಣದ ಕಣ್ಣು ದೊಡ್ಡದು, ಅದರ ರೆಟಿನಾ ಬಿಡಿಸುವುದು ಸುಲಭ, ಎನ್-ಕ್ಯಾಡ್ಹೆರಿನ್ ಹೇರಳ. ರೆಟಿನಾವನ್ನು ಎರಡು ಪಾಲು ಮಾಡಿ. ಒಂದಕ್ಕೆ ಶೇ 0.01 ಟ್ರಿಪ್ಸಿನ್ ಜೊತೆ 1 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್, ಇನ್ನೊಂದಕ್ಕೆ ಅಷ್ಟೇ ಟ್ರಿಪ್ಸಿನ್ ಜೊತೆ ಕ್ಯಾಲ್ಸಿಯಂ ಕಿತ್ತುಕೊಳ್ಳುವ ಇಡಿಟಿಎ 1 ಮಿಲಿಮೋಲಾರ್. 37 ಡಿಗ್ರಿಯಲ್ಲಿ 20 ನಿಮಿಷ. ದ್ರಾವಣಕ್ಕೆ ಹೆಪಿಸ್ ಬಫರ್ ಬಳಸಿ. ಫಾಸ್ಫೇಟ್ ಬಫರ್‌ಗೆ ಕ್ಯಾಲ್ಸಿಯಂ ಹಾಕಿದರೆ ಬಿಳಿ ಗಸಿ ಕೂತು ಕ್ಯಾಲ್ಸಿಯಂ ಎಷ್ಟು ಉಳಿಯಿತೋ ತಿಳಿಯದು. ಸೋಯಾ ಟ್ರಿಪ್ಸಿನ್ ತಡೆಕದಿಂದ ಕಿಣ್ವ ನಿಲ್ಲಿಸಿ, ತೊಳೆದು, ಮಿಲಿಲೀಟರಿಗೆ ಸುಮಾರು ಹತ್ತು ಲಕ್ಷ ಕೋಶದಂತೆ ಬಿಡಿ. ತಟ್ಟೆಗೆ ಮೊದಲೇ ಶೇ 1 ಬಿಎಸ್ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನು) ಲೇಪಿಸಿರಬೇಕು, ಇಲ್ಲವಾದರೆ ಕೋಶಗಳು ಪ್ಲಾಸ್ಟಿಕ್ಕಿಗೇ ಹಿಡಿಯುತ್ತವೆ. ಎರಡೂ ಪಾಲಿಗೆ ಈಗ 1 ಮಿಲಿಮೋಲಾರ್ ಕ್ಯಾಲ್ಸಿಯಂ ಕೊಟ್ಟು ನಿಮಿಷಕ್ಕೆ 70-80 ಸುತ್ತಿನಲ್ಲಿ ಅರ್ಧ ಗಂಟೆ ಅಲುಗಾಡಿಸಿ, ಕಣಗಳನ್ನು ಎಣಿಸಿ. ಮೊದಲ ಎಣಿಕೆಯಿಂದ ಕೊನೆಯ ಎಣಿಕೆ ಕಳೆದು, ಮೊದಲ ಎಣಿಕೆಯಿಂದ ಭಾಗಿಸಿದರೆ ಕೂಡಿಕೆಯ ಸೂಚ್ಯಂಕ. ಕ್ಯಾಲ್ಸಿಯಂ ಪಾಲು ಗುಂಡುಗಳಾಗಿ ಕೂಡುತ್ತದೆ. ಇಡಿಟಿಎ ಪಾಲಿನ ಕ್ಯಾಡ್ಹೆರಿನ್ ಕತ್ತರಿಸಿ ಹೋಗಿರುವುದರಿಂದ ಹೆಚ್ಚಾಗಿ ಬಿಡಿಯಾಗಿ ಉಳಿಯುತ್ತದೆ, ಹೊಸದು ತಯಾರಾಗಲು ಗಂಟೆಗಳು ಬೇಕು.

ಎರಡೂ ಪಾಲು ಕೂಡಿಕೊಂಡರೆ ಮೊದಲು ಅನುಮಾನಿಸಬೇಕಾದ್ದು ಸತ್ತ ಕೋಶಗಳ ಡಿಎನ್‌ಎ. ಅದು ಲೋಳೆಯಂತೆ ಎಲ್ಲವನ್ನೂ ಸುತ್ತಿಕೊಳ್ಳುತ್ತದೆ. ಗುಂಪು ಗುಂಡಗಿರದೆ ದಾರದಾರವಾಗಿ ಕಂಡರೆ ಅದೇ. ಮಿಲಿಲೀಟರಿಗೆ 10-20 ಮೈಕ್ರೊಗ್ರಾಂ ಡಿಎನೇಸ್ ಎಂಬ, ಅದನ್ನು ಕತ್ತರಿಸುವ ಕಿಣ್ವ ಹಾಕಿದರೆ ಸರಿಹೋಗುತ್ತದೆ, ಆ ಕಿಣ್ವಕ್ಕೆ ಮೆಗ್ನೀಸಿಯಂ ಬೇಕೆಂಬುದು ನೆನಪಿರಲಿ. ಎರಡೂ ಕೂಡದಿದ್ದರೆ ಟ್ರಿಪ್ಸಿನ್ ಹೆಚ್ಚು ಹೊತ್ತಾಗಿದೆ, ಇಲ್ಲವೇ ತೊಳೆಯುವಾಗ ಮೊದಲ ಪಾಲಿನ ಕ್ಯಾಲ್ಸಿಯಂ ತಪ್ಪಿದೆ.

ಆಕ್ಸಾನ್ ಬೆಳೆಯುವುದನ್ನು ನೋಡಲು ಎಂಟನೇ ದಿನದ ಭ್ರೂಣದ ನರಗಂಟು ತೆಗೆದುಕೊಳ್ಳಿ. ಗಾಜಿಗೆ ಪಾಲಿಲೈಸಿನ್ ಲೇಪಿಸಿ, ಚೆನ್ನಾಗಿ ತೊಳೆದು, ಮೇಲೆ ಮಿಲಿಲೀಟರಿಗೆ 10 ಮೈಕ್ರೊಗ್ರಾಂ ಲ್ಯಾಮಿನಿನ್ ಹಾಕಬೇಕು. ತೊಳೆಯುವುದು ಸಾಲದಾದರೆ ಉಳಿದ ಪಾಲಿಲೈಸಿನ್ ಕೋಶಗಳನ್ನು ಕೊಲ್ಲುತ್ತದೆ. ಲ್ಯಾಮಿನಿನ್ ಅನ್ನು ಮಂಜುಗಡ್ಡೆಯ ಮೇಲೆ ನಿಧಾನವಾಗಿ ಕರಗಿಸಬೇಕು. ನಮ್ಮ ಬೇಸಿಗೆಯಲ್ಲಿ ಮೇಜಿನ ಮೇಲಿಟ್ಟರೆ ಅದು ಕೊಳವೆಯಲ್ಲೇ ಹೆಪ್ಪುಗಟ್ಟಿ ಗಾಜಿನ ಮೇಲೆ ಸಮವಾಗಿ ಹರಡದು. ಲೇಪನ ಪಟ್ಟೆಪಟ್ಟೆಯಾಗಿ ಬೇಕೆಂದರೆ ಪಾಲಿಲೈಸಿನ್ ಬಿಟ್ಟು ಬರೀ ಗಾಜಿನ ಮೇಲೆ ಲ್ಯಾಮಿನಿನ್ ಗೆರೆ ಎಳೆಯಿರಿ. ನರವರ್ಧಕ ಎನ್‌ಜಿಎಫ್ ಮಿಲಿಲೀಟರಿಗೆ 50 ನ್ಯಾನೊಗ್ರಾಂ ಕೊಟ್ಟು 24 ಗಂಟೆ ಬಿಟ್ಟು ಸೂಕ್ಷ್ಮದರ್ಶಕಕ್ಕೆ ಕಣ್ಣಿಡಿ. ಆಕ್ಸಾನ್ ತುದಿ ಅಂಗೈಯಂತೆ ಬೆರಳು ಚಾಚಿ ಗೆರೆಯುದ್ದಕ್ಕೂ ಹೋಗುತ್ತಿರುತ್ತದೆ. ಗೆರೆಯ ಅಂಚಿಗೆ ಬಂದಾಗ ಬೆರಳುಗಳು ಗಾಜನ್ನು ತಡಕುತ್ತವೆ, ಹಿಡಿಯಲು ಏನೂ ಸಿಗದೆ ಹಿಂದೆ ಸೇದಿಕೊಳ್ಳುತ್ತವೆ, ತುದಿ ಹೊರಳಿ ಮತ್ತೆ ಗೆರೆಯ ಮೇಲೆ ಸಾಗುತ್ತದೆ.